ಬೇಸಿಗೇಲಿ ಶೆಡ್ ಬಿಸಿಗೆ ಹೊಲಿಗೆ ಲೈನಿನ ಪೀಸ್ ಲೆಕ್ಕ ಬೀಳತ್ತೆ, ಲೈಟ್ ಬದಲಾಯಿಸಿ ಅಂದ್ರೆ ‘ಕರೆಂಟ್ ಬಿಲ್ ಲೆಕ್ಕ ಕೂಡಲ್ಲ’ ಅಂತಾರೆ, ಏನ್ ತೋರಿಸ್ಲಿ?

ಹೊಲಿಗೆ_ಲೈನ್:
ಎಲ್ಲರಿಗೂ ನಮಸ್ಕಾರ. ನಾನು ಬೆಂಗ್ಳೂರು ಪಕ್ಕದ ಒಂದು ಗಾರ್ಮೆಂಟ್ಸಲ್ಲಿ ಲೈನ್ ಸೂಪರ್‌ವೈಸರ್. ಹೆಲ್ಪರ್ ಆಗಿ ಸೇರ್ಕೊಂಡೆ, ಆಮೇಲೆ ಟೈಲರ್, ಈಗ ಆರು ವರ್ಷದಿಂದ ಈ ಕೆಲ್ಸ. ಫ್ಯಾಕ್ಟ್ರಿ ಹೆಸರು ಹೇಳಲ್ಲ, ಕೇಳ್ಬೇಡಿ.

ನಮ್ದು ಶೀಟ್ ಛಾವಣಿ. ಮಾರ್ಚಿಂದ ಮೇ ತನಕ ಊಟ ಮುಗಿಸಿ ಬಂದ್ಮೇಲೆ ಎರಡರಿಂದ ನಾಲ್ಕು ಗಂಟೆ ಒಳಗೆ ನನ್ ಲೈನ್ ಬಿದ್ದೋಗತ್ತೆ. ಬೆಳಿಗ್ಗೆ ಗಂಟೆಗೆ 60 ಪೀಸ್ ಕೊಡೋ ಅದೇ ಹೆಣ್ಮಕ್ಳು ಆಗ 48, 50. ಕಾಲರ್ ಕೂರಿಸೋ ಹುಡುಗಿ ಒಬ್ಳಿದಾಳೆ, ಒಳ್ಳೇ ಕೈ ಅವಳದ್ದು, ತೊಡೆ ಮೇಲೆ ಒಂದು ಹಳೇ ಟವಲ್ ಹಾಸ್ಕೊಂಡು ಮೂರು ಪೀಸಿಗೊಂದ್ಸಲ ಕೈ ಒರೆಸ್ಕೋತಾಳೆ, ಯಾಕಂದ್ರೆ ಬಿಳೀ ಶರ್ಟ್ ಮೇಲೆ ಬೆವರು ಬಿತ್ತು ಅಂದ್ರೆ ಚೆಕ್ಕಿಂಗಿಂದ ವಾಪಸ್ ಬರತ್ತೆ, ಆ ಪೀಸು ಅವಳ ಲೆಕ್ಕಕ್ಕೂ ಇಲ್ಲ ನನ್ ಲೆಕ್ಕಕ್ಕೂ ಇಲ್ಲ. ಗಂಟೆ ಗಂಟೆಗೆ ಬೋರ್ಡ್ ಮೇಲೆ ಬರೆಯೋದು ನಾನು, ಬೈಸ್ಕೊಳ್ಳೋದೂ ನಾನು.

ಪ್ರತಿ ಮಿಷಿನ್ ಮೇಲೂ ಹಳೇ ಟ್ಯೂಬ್ ಇದೆ, ತಲೆಗೆ ಹತ್ರ. ತೆಗೆದು ಎಲ್‌ಇಡಿ ಹಾಕಿ ಅಂತ ಕೇಳಿದ್ದಕ್ಕೆ ಮೇಂಟೆನೆನ್ಸ್‌ನವರು ಲೆಕ್ಕ ಮಾಡಿ, ಕರೆಂಟ್ ಬಿಲ್ಲಲ್ಲಿ ಉಳಿಯೋ ದುಡ್ಡಲ್ಲಿ ಹಾಕಿದ್ದು ವಾಪಸ್ ಬರೋಕೆ ಮೂರು ವರ್ಷ ಬೇಕು, ಈ ವರ್ಷ ಆಗಲ್ಲ ಅಂದ್ರು. ಇದರ ಬಗ್ಗೆ ಬೆಂಗ್ಳೂರಲ್ಲೇ ಯಾರೋ ಸಂಶೋಧನೆ ಮಾಡಿದಾರೆ ಅಂತ ಕೇಳಿದೀನಿ. ನಿಜಾನಾ? ನಮ್ಮ ಮ್ಯಾನೇಜರ್‌ಗೆ ಅರ್ಥ ಆಗೋ ಥರ ಯಾರಾದ್ರೂ ಹೇಳಿಕೊಡಿ.

ಪೀಣ್ಯ_ವರ್ಕ್‌ಶಾಪ್:
ಅಕ್ಕ, ಬೇಜಾರು ಮಾಡ್ಕೋಬೇಡಿ, ನಾನೂ 14 ಜನ ಇಟ್ಕೊಂಡು ಶೆಡ್ ನಡೆಸ್ತೀನಿ. ಬಿಸಿ ಬರೋದು ಶೀಟಿಂದ. ಟ್ಯೂಬ್‌ಲೈಟ್ ಎಷ್ಟು ಬಿಸಿ ಕೊಡತ್ತೆ ಹೇಳಿ. ಶೀಟಿಗೆ ಬಿಳೀ ಪೇಂಟ್ ಹೊಡಿಸಿ, ಮೇಲೆ ಎಕ್ಸಾಸ್ಟ್ ಹಾಕ್ಸಿ. ಲೈಟ್ ಹಿಂದೆ ಯಾಕೆ ಬಿದ್ದಿದೀರಾ.

ಅರ್ಥಶಾಸ್ತ್ರ_ಮೇಷ್ಟ್ರು:
ನಿಜ ಮೇಡಂ, ಸಂಶೋಧನೆ ಇದೆ. ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನಿಶಾಧಮ್ ಅನ್ನೋ ಮೂರು ಜನ ಅರ್ಥಶಾಸ್ತ್ರಜ್ಞರು ಬೆಂಗಳೂರು ಸುತ್ತಮುತ್ತಲ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಮಾಡಿದ್ದು, ಪ್ರಕಟ ಆಗಿದ್ದು 2020ರಲ್ಲಿ. ಹಳೇ ಫ್ಲೋರೆಸೆಂಟ್ ದೀಪ ತೆಗೆದು ಎಲ್‌ಇಡಿ ಹಾಕಿದಾಗ ಕರೆಂಟ್ ಉಳಿದಿದ್ದಷ್ಟೇ ಅಲ್ಲ, ಫ್ಲೋರ್ ಮೇಲಿನ ಬಿಸಿ ಕಮ್ಮಿಯಾಗಿ ಉತ್ಪಾದನೆನೂ ಜಾಸ್ತಿ ಆಯ್ತು, ಅದರಲ್ಲೂ ಬಿಸಿಲು ಜಾಸ್ತಿ ಇರೋ ದಿನಗಳಲ್ಲೇ ಹೆಚ್ಚು. ಒಂದು ಸರಾಸರಿ ಕಾರ್ಖಾನೆಗೆ ಕರೆಂಟಲ್ಲಿ ಉಳಿದಿದ್ದು ಸುಮಾರು 2,880 ಡಾಲರ್, ಉತ್ಪಾದನೆಯಿಂದ ಬಂದಿದ್ದು ಸುಮಾರು 7,500 ಡಾಲರ್.

ಈಗ ನಿಮ್ಮ ಮೇಂಟೆನೆನ್ಸ್‌ನವರ ಲೆಕ್ಕ ನೋಡಿ. ಅವರು ಹಿಡಿದಿದ್ದು ಆ ಮೊದಲನೇ ಅಂಕಿ ಒಂದನ್ನೇ. ದೊಡ್ಡ ಅಂಕಿ ಅವರ ಹಾಳೆಲಿ ಇಲ್ಲವೇ ಇಲ್ಲ, ಯಾಕಂದ್ರೆ ಕರೆಂಟ್ ಬಿಲ್ ಮೇಂಟೆನೆನ್ಸ್ ಟೇಬಲ್‌ಗೆ ಬರತ್ತೆ, ಪೀಸ್ ಲೆಕ್ಕ ಪ್ರೊಡಕ್ಷನ್ ಟೇಬಲ್‌ಗೆ ಹೋಗತ್ತೆ. ಎರಡೂ ಕಾಗದ ಒಂದೇ ಟೇಬಲ್ ಮೇಲೆ ಇಡೋ ಕೆಲಸ ನೀವು ಮಾಡಿ. ಅದೇ ಅನುಪಾತ ನಿಮ್ಮಲ್ಲೂ ಬಂದ್ರೆ ಮೂರು ವರ್ಷ ಅನ್ನೋದು ಹತ್ತು ತಿಂಗಳಿಗೆ ಇಳಿಯತ್ತೆ.

ಪೀಣ್ಯ_ವರ್ಕ್‌ಶಾಪ್:
ಮೇಷ್ಟ್ರೇ, ಅದೇ ಅನುಪಾತ ಬರತ್ತೆ ಅಂತ ಆಯಮ್ಮನ ಕೈಲಿ ಹೇಳಿಸ್ಬೇಡಿ, ನಾಳೆ ಬರ್ಲಿಲ್ಲ ಅಂದ್ರೆ ಅವರ ಕೆಲ್ಸಕ್ಕೇ ಕುತ್ತು. ಯಾವುದೋ ದೊಡ್ಡ ಕಂಪನಿ ಲೆಕ್ಕ ಅದು.

ಅರ್ಥಶಾಸ್ತ್ರ_ಮೇಷ್ಟ್ರು:
ಒಪ್ಪಿದೆ, ಅದು ಸರಿಯಾದ ಮಾತು. ಮೇಡಂ, ನಿಮ್ಮದೇ ಅಂಕಿ ಬೇಕು. ಒಂದು ಥರ್ಮಾಮೀಟರ್ ತಗೊಂಡು ಲೈನ್ ಮಧ್ಯೆ ತಲೆ ಎತ್ತರಕ್ಕೆ ನೇತು ಹಾಕಿ, ಗಂಟೆಗೊಂದ್ಸಲ ಪೀಸ್ ಬರೆಯುವಾಗ ಪಕ್ಕದಲ್ಲೇ ಡಿಗ್ರಿನೂ ಬರೀರಿ. ಮೂರು ವಾರ ಸಾಕು. ಇನ್ನೊಂದು, ಆ ಕಾರ್ಖಾನೆಗಳು ಎಲ್‌ಇಡಿಗೆ ಹೋಗಿದ್ದು ಕೆಲಸಗಾರರ ಬಿಸಿ ನೋಡಿ ಅಲ್ಲ, ಪರಿಸರದ ವಿಷಯದಲ್ಲಿ ಹೊರದೇಶದ ಬಯರ್‌ಗಳ ಕಡೆಯಿಂದ ಒತ್ತಡ ಬಂದಿದ್ದಕ್ಕೆ. ನಿಮ್ಮಲ್ಲೂ ಕಂಪ್ಲಯನ್ಸ್, ಅಂದ್ರೆ ಬಯರ್ ನಿಯಮ ಪಾಲನೆ, ನೋಡ್ಕೊಳ್ಳೋರು ಇರ್ತಾರಲ್ಲ, ಅವರ ಕಿವಿಗೂ ಹಾಕಿ.

ಬೊಮ್ಮನಹಳ್ಳಿ_ರೂಮ್:
ಅಕ್ಕ ನಾನು ಫಿನಿಶಿಂಗಲ್ಲಿ ಐರನ್ ಮಾಡೋದು, ನಮ್ ಕಡೆ ಸ್ಟೀಮ್ ಬೇರೆ. ಒಂದ್ ಮಾತ್ ಹೇಳ್ತೀನಿ, ಫ್ಯಾಕ್ಟ್ರೀಲಿ ತಂಪು ಮಾಡಿದ್ರೂ ರಜೆ ಹಾಕೋರು ಹಾಕ್ತಾರೆ. ನಮ್ ರೂಮೂ ಶೀಟಿಂದೇ, ಹತ್ತಕ್ಕೆ ಹನ್ನೆರಡು, ನಾಲ್ಕು ಜನ, ರಾತ್ರಿ ಒಂದು ಗಂಟೆ ತನಕ ಗೋಡೆ ಮುಟ್ಟಿದ್ರೆ ಬಿಸಿ. ಮಗೂಗೆ ಬೆವರುಸಾಲೆ ಎದ್ದು ರಾತ್ರಿಯೆಲ್ಲ ಅಳತ್ತೆ. ನಿದ್ದೆ ಇಲ್ದೆ ಬೆಳಿಗ್ಗೆ ಎದ್ದು ಅಡುಗೆ ಮಾಡಿ ಎಂಟೂವರೆಗೆ ಪಂಚ್ ಮಾಡ್ಬೇಕು. ಅದಕ್ಕೇ ಏಪ್ರಿಲಲ್ಲಿ ಅಟೆಂಡೆನ್ಸ್ ಬೋನಸ್ ಯಾರಿಗೂ ಬರಲ್ಲ.

ಅರ್ಥಶಾಸ್ತ್ರ_ಮೇಷ್ಟ್ರು:
ತಂಗಿ, ನೀವು ಹೇಳಿದ್ದು ಅಂಕಿಯಲ್ಲೂ ಹಾಗೇ ಬಂದಿದೆ. ಇ. ಸೋಮನಾಥನ್, ರೋಹಿಣಿ ಸೋಮನಾಥನ್, ಅನಂತ್ ಸುದರ್ಶನ್, ಮೀನು ತೆವಾರಿ ಅವರ ಅಧ್ಯಯನ, 2021ರದ್ದು. ಸೂರತ್ ನೇಯ್ಗೆ ಘಟಕ, ದೆಹಲಿ ಸುತ್ತಲ ಗಾರ್ಮೆಂಟ್ಸ್, ಭಿಲಾಯಿ ಉಕ್ಕಿನ ಕಾರ್ಖಾನೆ, ಎಲ್ಲದರ ದಿನದಿನದ ದಾಖಲೆ ಇಟ್ಟು ನೋಡಿದಾರೆ. ಕೆಲಸದ ಜಾಗ ತಂಪು ಮಾಡಿದ್ರೆ ಕೈ ನಿಧಾನ ಆಗೋದು ನಿಲ್ಲತ್ತೆ, ಆದ್ರೆ ಗೈರುಹಾಜರಿ ನಿಲ್ಲಲ್ಲ. ದೇಶದ ಕಾರ್ಖಾನೆಗಳ ಲೆಕ್ಕ ತಗೊಂಡ್ರೆ ವರ್ಷದ ತಾಪಮಾನ 1 ಡಿಗ್ರಿ ಏರಿದ್ರೆ ಉತ್ಪಾದನೆ ಸುಮಾರು 2% ಇಳಿಯತ್ತೆ. ಹವಾಮಾನ ಬದಲಾವಣೆ ಅಂದ ತಕ್ಷಣ ಹಿಮಕರಡಿ ತೋರಿಸ್ತಾರೆ, ನಮ್ಮ ದೇಶದಲ್ಲಿ ಅದು ಮೊದಲು ಕಾಣೋದು ಈ ರೂಮಲ್ಲಿ.

ಮಲ್ನಾಡ್_ಮಳೆ:
ಇದಕ್ಕೆ ಕಾನೂನು ಇಲ್ವಾ? ಇಷ್ಟು ಡಿಗ್ರಿ ಮೇಲೆ ಕೆಲ್ಸ ಮಾಡಿಸ್ಬಾರ್ದು ಅಂತ?

ಪೀಣ್ಯ_ವರ್ಕ್‌ಶಾಪ್:
1948ರ ಕಾರ್ಖಾನೆ ಕಾಯ್ದೆಲಿ 13ನೇ ಸೆಕ್ಷನ್ ಇತ್ತಲ್ಲ. ಗಾಳಿ ಆಡ್ಬೇಕು, ಶಾಖ ಹಿತವಾಗಿರ್ಬೇಕು ಅಂತ ಬರೆದಿತ್ತು. ಬರೆಯೋದು ಯಾವತ್ತೂ ಕಷ್ಟ ಆಗಿಲ್ಲ ನಮ್ಮಲ್ಲಿ, ಬಂದು ನೋಡೋರು ಬೇಕಲ್ಲ.

ಸೂರತ್_ಕನ್ನಡಿಗ:
ನೋಡೋರ ವಿಷಯ ಬಂತು ಅಂತ ಬರೀತಿದೀನಿ. ನಮ್ಮೂರು ಇಳಕಲ್ಲು, 19 ವರ್ಷದಿಂದ ಸೂರತ್‌ನಲ್ಲಿ ಡೈಯಿಂಗ್ ಯೂನಿಟ್ ಕೆಲಸ. ಇಲ್ಲಿ ಚಿಮಣಿ ಹೊಗೆ ಅಳೆಯೋಕೆ ಹೊರಗಿನ ಆಡಿಟರ್ ಬರ್ತಿದ್ರು, ಅವರನ್ನ ಆರಿಸೋದು ಕಾರ್ಖಾನೆ, ದುಡ್ಡು ಕೊಡೋದು ಕಾರ್ಖಾನೆ. ಅನ್ನ ಹಾಕೋನ ವಿರುದ್ಧ ಯಾರು ಬರೀತಾರೆ ಹೇಳಿ. ನಾನು ಮೊದಲಿದ್ದ ಕಡೆ ಆಡಿಟರ್ ಬರೋ ದಿನ ಮೊದಲೇ ಗೊತ್ತಿರ್ತಿತ್ತು, ಅವತ್ತು ಬಾಯ್ಲರ್‌ಗೆ ಒಳ್ಳೇ ಕಲ್ಲಿದ್ದಲು.

ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ನಿಕೋಲಸ್ ರಯಾನ್ ಇವರು ಗುಜರಾತ್ ಮಾಲಿನ್ಯ ನಿಯಂತ್ರಣ ಮಂಡಳಿ ಜೊತೆ ಸೇರಿ ಅದನ್ನೇ ಬದಲಾಯಿಸಿ ನೋಡಿದ್ರು. ಯಾವ ಆಡಿಟರ್ ಯಾವ ಕಾರ್ಖಾನೆಗೆ ಅನ್ನೋದು ಚೀಟಿ ಎತ್ತಿದ ಹಾಗೆ, ಸಂಬಳ ಒಂದು ಸಾಮಾನ್ಯ ನಿಧಿಯಿಂದ, ಬರೆದಿದ್ದು ಸರಿನಾ ಅಂತ ಇನ್ನೊಬ್ಬರು ಹೋಗಿ ಅಳೆದು ನೋಡ್ತಾರೆ. ಮಿತಿ ಮೀರಿದ್ದನ್ನ ಮಿತಿ ಒಳಗಿದೆ ಅಂತ ಸುಳ್ಳು ಬರೆಯೋದು 80% ಇಳೀತು. 2013ರಲ್ಲಿ ಪ್ರಕಟ ಆಯ್ತು. ಅದೇ ಆಡಿಟರ್‌ಗಳು ರೀ! ಜನ ಬದಲಾಗ್ಲಿಲ್ಲ, ದುಡ್ಡು ಬರೋ ದಾರಿ ಬದಲಾಯ್ತು ಅಷ್ಟೇ.

2019ರಿಂದ ಸೂರತ್‌ನಲ್ಲಿ ಹೊಗೆಗೂ ಮಾರ್ಕೆಟ್ ಮಾಡಿದಾರೆ. ಚಿಮಣಿಗೇ ಮೀಟರ್, ಇಷ್ಟು ಕಿಲೋ ಧೂಳು ಬಿಡೋಕೆ ಪರ್ಮಿಟ್, ಕಮ್ಮಿ ಬಿಟ್ಟೋರು ಉಳಿದಿದ್ದನ್ನ ಮಾರ್ಕೋಬಹುದು. ಧೂಳು 20ರಿಂದ 30% ಕಮ್ಮಿ ಆಯ್ತು ಅಂತ ಅಧ್ಯಯನ ಹೇಳತ್ತೆ. ನಮ್ಮ ಯಜಮಾನರು ಹೊಗೆ ಬಗ್ಗೆ ತಾವಾಗೇ ಮಾತಾಡಿದ್ದು ನಾನು ಕೇಳಿದ್ದು ಅವಾಗಲೇ ಮೊದಲು.

ಹೊಲಿಗೆ_ಲೈನ್:
ಸೂರತ್ ಅಣ್ಣ, ನಮ್ಮಲ್ಲೂ ಬಯರ್ ಆಡಿಟ್ ದಿನ ಎಲ್ಲಾ ಫ್ಯಾನೂ ತಿರುಗತ್ತೆ, ಕುಡಿಯೋ ನೀರಿನ ಹತ್ರ ಹೊಸ ಲೋಟ ಇರತ್ತೆ. ನೀವು ಹೇಳಿದ್ದು ಓದಿ ಎದೆಗೆ ನಾಟ್ತು.

ಕೃಷ್ಣಾ_ತೀರ:
ನಾ ಒಂದ್ ಮಾತ್ ಹೇಳ್ತೀನ್ರೀ. ಬರೇ ಮೀಟರ್ ಹಚ್ಚಿದ್ರ ಆಗಂಗಿಲ್ಲ. ನಾ ಪ್ರಾಥಮಿಕ ಆರೋಗ್ಯ ಕೇಂದ್ರದಾಗ ಫಾರ್ಮಾಸಿಸ್ಟ್ ಇದ್ದೆ, ಈಗ ರಿಟೈರ್ಡ್. ನಮ್ಮ ಕರ್ನಾಟಕದಾಗ ಐದು ಜಿಲ್ಲಾದ ಕೇಂದ್ರಗಳೊಳಗ ಬೆರಳಚ್ಚು ಹಾಜರಿ ಮಷೀನ್ ತಂದು ಪರೀಕ್ಷಾ ಮಾಡಿದ್ರು, ಇಕ್ಬಾಲ್ ಧಾಲೀವಾಲ್, ರೀಮಾ ಹನ್ನಾ ಅಂತ ಇಬ್ಬರು ಅದನ್ನ ಅಭ್ಯಾಸ ಮಾಡಿದ್ರು. ಸಿಬ್ಬಂದಿ ಹಾಜರಿ 15% ಏರ್ತು. ಕಮ್ಮಿ ತೂಕದ ಕೂಸು ಹುಟ್ಟೋದು 26% ಇಳೀತು. ಸಣ್ಣ ಮಾತಲ್ಲ ಇದು.

ಆದ್ರ ಆ ಹಾಜರಿ ಲೆಕ್ಕ ಮ್ಯಾಲಿನವರ ಟೇಬಲ್‌ಗೆ ಹೋದ ಮ್ಯಾಲೆ ಏನೂ ಆಗಲಿಲ್ಲ. ಯಾರು ಬಂದಿಲ್ಲ ಅಂತ ಕಣ್ಣಿಗೆ ಕಂಡ್ರೂ ರಜಾ ಕಟ್ ಮಾಡಾಕ, ನೋಟಿಸ್ ಕೊಡಾಕ ಯಾರಿಗೂ ಮನಸ್ಸಿಲ್ಲ. ಡಾಕ್ಟರ್ ಸಿಟ್ಟಾಗಿ ಬಿಟ್ಟು ಹೋದ್ರ ಹಳ್ಳಿಗೆ ಇನ್ನೊಬ್ಬ ಡಾಕ್ಟರ್ ಎಲ್ಲಿಂದ ತರೋದು? ಅಧಿಕಾರಿಗೆ ಅದ ಹೆದರಿಕಿ. ಸುಧಾರಣಾ ಶುರು ಮಾಡಿದ್ದು ಸರ್ಕಾರನ, ಅದನ್ನ ಬಳಸಲಿಕ್ಕ ಹಿಂದ ಸರಿದದ್ದೂ ಸರ್ಕಾರನ. ಮಷೀನ್ ಸುಳ್ಳು ಹೇಳಂಗಿಲ್ಲ, ಖರೆ ಮಾತು ಕೇಳಿದವ್ರು ಏನ್ ಮಾಡ್ತಾರ ಅನ್ನೋದ ಮುಖ್ಯ.

ಮಲ್ನಾಡ್_ಮಳೆ:
ಸರ್, ಡಾಕ್ಟರ್ ಹಾಜರಿನೂ 15% ಏರ್ತಾ?

ಕೃಷ್ಣಾ_ತೀರ:
ಇಲ್ಲರಿ, ಏರಿದ್ದು ನರ್ಸು, ಲ್ಯಾಬಿನವರು, ನಮ್ಮಂಥ ಫಾರ್ಮಾಸಿಸ್ಟ್‌ಗಳದ. ಕೆಳಗಿನವರಿಗೆ ಮಷೀನಿನ ಅಂಜಿಕಿ ಇತ್ತು.

ಜಯನಗರ_ಸಂಜೆ:
ಎಲ್ಲಾ ಸರಿ, ಆದ್ರೆ ನಮ್ಮ ರಾಜ್ಯದಲ್ಲಿ ಹವಾಮಾನ, ಕರೆಂಟ್ ಅಂತ ಮಾತಾಡುವಾಗ ಪಂಪ್‌ಸೆಟ್ ಬಗ್ಗೆ ಯಾಕೆ ಯಾರೂ ಮಾತಾಡಲ್ಲ? 10 ಎಚ್‌ಪಿ ತನಕ ಫ್ರೀ. ಅಂತರ್ಜಲ ಖಾಲಿ, ಎಸ್ಕಾಂಗಳಿಗೆ ಸಾಲ. ಯಾವ ಪಕ್ಷ ಬಂದ್ರೂ ಮುಟ್ಟಲ್ಲ, ಯಾಕಂದ್ರೆ ಓಟು. ಮೀಟರ್ ಹಾಕಿ ದುಡ್ಡು ತಗೊಂಡ್ರೆ ಎಲ್ಲಾ ಸರಿ ಹೋಗತ್ತೆ.

ಚಿಂತಾಮಣಿ_ಬೋರು:
ಜಯನಗರದವರೇ ಒಂದ್ಸಲ ನಮ್ ಕಡೆ ಬನ್ನಿ. ನಂದು 1,300 ಅಡಿ ಬೋರು, ಅದಕ್ಕೂ ಮುಂಚೆ ಮೂರು ಕೊರೆಸಿ ಧೂಳು ಬಂತು. ತ್ರೀ ಫೇಸ್ ಏಳು ಗಂಟೆ ಅಂತಾರೆ, ಬರೋದು ರಾತ್ರಿ ಒಂದಕ್ಕೋ ಎರಡಕ್ಕೋ, ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ರೆ ನಾವೇ ದುಡ್ಡು ಹಾಕಿ ಗಾಡಿ ಮಾಡ್ಕೊಂಡು ತರ್ಬೇಕು, ವೋಲ್ಟೇಜ್ ಇಲ್ದೆ ಮೋಟ್ರು ಸುಟ್ರೆ ಕಟ್ಟಿಸೋಕೆ ಹತ್ತು ಹನ್ನೆರಡು ಸಾವಿರ, ಎತ್ತೋಕೆ ಇಳಿಸೋಕೆ ಬೇರೆ. ಫ್ರೀ ಅಂತ ಯಾರು ಹೇಳಿದ್ದು? ಬಿಲ್ ಬರಲ್ಲ ಅಷ್ಟೇ. ನೀರು ಪೋಲಾಗತ್ತೆ ಅಂತೀರಾ, ಹೌದು ಆಗತ್ತೆ, ಎಲ್ರೂ ಆಟೋ ಸ್ಟಾರ್ಟರ್ ಹಾಕಿಟ್ಟು ಮಲಗ್ತೀವಿ, ಕರೆಂಟ್ ಬಂದಾಗ ಅದೇ ಆನ್ ಆಗತ್ತೆ, ತೊಟ್ಟಿ ತುಂಬಿ ಹರೀಲಿ ಬಿಡ್ಲಿ, ಯಾಕಂದ್ರೆ ನಾಳೆ ಬರತ್ತೆ ಅಂತ ನಂಬಿಕೆ ಇಲ್ಲ. ಹಗಲು ಹೊತ್ತು ಹೇಳಿದ ಟೈಮಿಗೆ ಕೊಡ್ಲಿ, ನಾನು ದುಡ್ಡು ಕೊಡೋಕೂ ರೆಡಿ.

ಜಯನಗರ_ಸಂಜೆ:
ರಾತ್ರಿ ಎರಡು ಗಂಟೆ ವಿಷಯ ನಂಗೆ ಗೊತ್ತಿರ್ಲಿಲ್ಲ. ಆದ್ರೂ ನೀವು ದುಡ್ಡು ಕೊಡೋಕೆ ರೆಡಿ ಅಂದ್ರಿ, ನಿಮ್ ಪಕ್ಕದ ಹೊಲದವರು?

ಚಿಂತಾಮಣಿ_ಬೋರು:
ಅವರನ್ನ ಕೇಳಿ ಹೇಳೋಕೆ ಅವರ ಹತ್ರ ಈ ಫೋನ್ ಇಲ್ಲ. ಎರಡೆಕ್ರೆ ಟೊಮ್ಯಾಟೊ, ರೇಟ್ ಬಿದ್ದ ವರ್ಷ ಕ್ರೇಟ್ ಬಾಡಿಗೆನೂ ಹುಟ್ಟಲ್ಲ. ಅಂಥೋರಿಗೆ ಬಿಲ್ ಕಳಿಸಿದ್ರೆ ಕಟ್ಟಲ್ಲ, ಕಟ್ಟೋಕೆ ಆಗಲ್ಲ.

ರಾತ್ರಿಬೆಳಕು:
ಓಟಿನ ಮಾತು ಬಂತಲ್ಲ, ಅದನ್ನೂ ಅಳೆದಿದಾರೆ. ಬಾಸ್ಕರನ್, ಮಿನ್, ಉಪ್ಪಲ್ ಅನ್ನೋರ ಅಧ್ಯಯನ, 2015ರದ್ದು. ಉಪಚುನಾವಣೆ ನಡೆಯೋ ಕ್ಷೇತ್ರಗಳಲ್ಲಿ ರಾತ್ರಿ ಬೆಳಕು ಎಷ್ಟಿದೆ ಅಂತ ಉಪಗ್ರಹದ ಚಿತ್ರದಲ್ಲಿ ನೋಡಿದ್ರು. ಉಪಚುನಾವಣೆನೇ ಯಾಕೆ ಅಂದ್ರೆ, ಶಾಸಕರು ತೀರಿಕೊಂಡು ಸೀಟು ಖಾಲಿ ಆಗೋದನ್ನ ಯಾರೂ ಪ್ಲಾನ್ ಮಾಡೋಕಾಗಲ್ಲ, ಹಾಗಾಗಿ ಆ ಕ್ಷೇತ್ರ ಮೊದಲೇ ಮುಂದುವರಿದಿತ್ತು ಅದಕ್ಕೇ ಬೆಳಕು ಅಂತ ನೆಪ ಹೇಳೋಕೆ ಬರಲ್ಲ. ಚುನಾವಣೆ ಹತ್ರ ಬಂದಾಗ ಅಲ್ಲಿ ಕರೆಂಟ್ ಜಾಸ್ತಿ. ಉತ್ತರ ಪ್ರದೇಶದಲ್ಲಿ ಗೋಲ್ಡನ್ ಮತ್ತೆ ಮಿನ್ 1970ರಿಂದ 2010ರ ತನಕದ್ದು ನೋಡಿದ್ರು, ಚುನಾವಣೆ ಸಮಯದಲ್ಲಿ ಬಿಲ್ ಆಗದೆ ಹೋಗೋ ಕರೆಂಟ್ ಏರತ್ತೆ.

ಅಂದ್ರೆ ಚಿಂತಾಮಣಿ ಅಣ್ಣ ಹೇಳಿದ ‘ಹಗಲು ಹೊತ್ತು ಹೇಳಿದ ಟೈಮಿಗೆ’ ಅನ್ನೋದು ಸಾಧ್ಯ ಇದೆ, ಮನಸ್ಸು ಮಾಡಿದ್ರೆ ಆಗತ್ತೆ, ಆ ಮನಸ್ಸು ಬರೋದು ಮಾತ್ರ ಕೆಲವೇ ತಿಂಗಳು. ನಂಗೆ ಸಿಟ್ಟು ಬರೋದು ಅಲ್ಲೇ.

ಅರ್ಥಶಾಸ್ತ್ರ_ಮೇಷ್ಟ್ರು:
ಬಿಲ್ ಕಳಿಸೋದೊಂದೇ ದಾರಿ ಅಲ್ಲ. ಪಂಜಾಬಲ್ಲಿ 2018ರಲ್ಲಿ ‘ಪಾನೀ ಬಚಾವೋ ಪೈಸೇ ಕಮಾವೋ’ ಅಂತ ಶುರು ಮಾಡಿದ್ರು. ರೈತರಿಗೆ ಇಷ್ಟು ಯೂನಿಟ್ ಅಂತ ಕೋಟಾ, ಅದಕ್ಕಿಂತ ಕಮ್ಮಿ ಬಳಸಿದ್ರೆ ಉಳಿಸಿದ ಒಂದೊಂದು ಯೂನಿಟ್‌ಗೆ 4 ರೂಪಾಯಿ ಅವರ ಖಾತೆಗೆ, ಜಾಸ್ತಿ ಬಳಸಿದ್ರೆ ದಂಡ ಇಲ್ಲ. ಕಿತ್ಕೊಳ್ಳೋ ಮೀಟರ್‌ಗೂ ಕೊಡೋ ಮೀಟರ್‌ಗೂ ಓಟಿನ ಲೆಕ್ಕದಲ್ಲಿ ಬಹಳ ವ್ಯತ್ಯಾಸ.

ಚಿಂತಾಮಣಿ_ಬೋರು:
ಇದು ಚೆನ್ನಾಗಿದೆ ಮೇಷ್ಟ್ರೇ. ಇದನ್ನ ನಮ್ ಹಾಲಿನ ಡೈರಿ ಹತ್ರ ಹೇಳಿದ್ರೆ ಹತ್ತು ಜನ ಕೂತು ಕೇಳ್ತಾರೆ. ಆದ್ರೆ ಕೋಟಾ ಹಾಕೋನು ಯಾರು ಅನ್ನೋದ್ರಲ್ಲಿ ಜಗಳ ಹತ್ತತ್ತೆ.

ಮಲ್ನಾಡ್_ಮಳೆ:
ಕೋಟಾ ಅಂದ್ರೆ ನೆನಪಾಯ್ತು, ಗೃಹಜ್ಯೋತಿಲೂ ಅದೇ ಆಗಿದ್ದು. 2023ರಲ್ಲಿ ಬಂದಾಗ ಎಲ್ರೂ 200 ಯೂನಿಟ್ ಫ್ರೀ ಅಂದ್ಕೊಂಡ್ರು, ಆದ್ರೆ ಆಗ ಲೆಕ್ಕ ಹಾಕಿದ್ದು ಹಿಂದಿನ ವರ್ಷದ ಸರಾಸರಿ ಪ್ಲಸ್ 10%. ನಮ್ಮಮ್ಮ ಒಂದು ಲೈಟ್ ಬಿಟ್ಟೋದ್ರೂ ಎದ್ದು ಹೋಗಿ ಆರಿಸೋರು, ಅವರಿಗೆ ಸಿಕ್ಕಿದ್ದು ತಿಂಗಳಿಗೆ 40ರ ಹತ್ರ. ಪಕ್ಕದ ಮನೆ ಗೀಸರ್ ಇಡೀ ದಿನ ಆನ್, ಅವರಿಗೆ 170. ಉಳಿಸಿದೋರಿಗೆ ಕಮ್ಮಿ, ಸುರಿದೋರಿಗೆ ಜಾಸ್ತಿ. ಅಮ್ಮ ಇನ್ನೂ ಬೇಜಾರು ಮಾಡ್ಕೊಂಡಿದಾರೆ.

ಬೊಮ್ಮನಹಳ್ಳಿ_ರೂಮ್:
ನಮಗೆ ಗೃಹಜ್ಯೋತಿ ಬಂದ್ಮೇಲೆ ರಾತ್ರಿಯೆಲ್ಲ ಟೇಬಲ್ ಫ್ಯಾನ್ ಹಾಕೋ ಧೈರ್ಯ ಬಂತು. ಅದಕ್ಕೂ ಮುಂಚೆ ಓನರ್ ಯೂನಿಟ್‌ಗೆ ಹತ್ತು ರೂಪಾಯಿ ತಗೋತಿದ್ರು. ಫ್ರೀ ಅಂತ ಬೈಬೇಡಿ ದಯವಿಟ್ಟು.

ಜಯನಗರ_ಸಂಜೆ:
ಬೈತಿಲ್ಲಮ್ಮ. ನಿಮ್ಮಂಥೋರಿಗೆ ಬೇಕೇ ಬೇಕು. ನನ್ನ ಮನೆಗೂ ಸಿಗ್ತಿದೆ, ಅದು ಬೇಡವಾಗಿತ್ತು.

ಪೀಣ್ಯ_ವರ್ಕ್‌ಶಾಪ್:
ಸರ್ಕಾರ ಬಗ್ಗೋದು ಬೀದಿಗೆ ಬಂದಾಗ ಮಾತ್ರ. 2016 ಏಪ್ರಿಲ್ ನೆನಪಿದೆಯಾ? ಪಿಎಫ್ ದುಡ್ಡು 58 ವರ್ಷದ ತನಕ ಪೂರ್ತಿ ತೆಗೆಯಂಗಿಲ್ಲ ಅಂತ ಕೇಂದ್ರ ನಿಯಮ ತಂದಾಗ ಗಾರ್ಮೆಂಟ್ಸ್ ಹೆಣ್ಮಕ್ಳು ಹೊಸೂರು ರಸ್ತೆ, ತುಮಕೂರು ರಸ್ತೆ ಎಲ್ಲಾ ತುಂಬಿಬಿಟ್ರು. ನಾನು ಅವತ್ತು ಯಶವಂತಪುರ ಹತ್ರ ಮೂರು ಗಂಟೆ ನಿಂತಿದ್ದೆ. ಎರಡೇ ದಿನಕ್ಕೆ ನಿಯಮ ವಾಪಸ್ ಹೋಯ್ತು.

ಹೊಲಿಗೆ_ಲೈನ್:
ನಾನಿದ್ದೆ ಸರ್ ಅದರಲ್ಲಿ. ಚಪ್ಪಲಿ ಕಿತ್ತೋಗಿ ಬರಿಗಾಲಲ್ಲಿ ಮನೆಗೆ ಬಂದೆ. ಆದ್ರೆ ಬಿಸಿಗೆ ಹಾಗೆ ಯಾರೂ ಬೀದಿಗೆ ಬರಲ್ಲ. ಪಿಎಫ್ ಅಂದ್ರೆ ಪಾಸ್‌ಬುಕ್ಕಲ್ಲಿ ಕಾಣೋ ದುಡ್ಡು. ಬಿಸಿಗೆ ಹೋದ ಪೀಸು ಯಾವ ಬುಕ್ಕಲ್ಲೂ ಕಾಣಲ್ಲ, ಸಂಜೆ ಅರ್ಧ ಗಂಟೆ ಜಾಸ್ತಿ ಕೂತು ಟಾರ್ಗೆಟ್ ಮುಗಿಸ್ತೀವಿ, ಅಲ್ಲಿಗೆ ಮುಚ್ಚೋಯ್ತು.

ವೇದಿಕೆ_ನಿರ್ವಾಹಕ:
ಪಂಪ್‌ಸೆಟ್ ಚರ್ಚೆಗೆ ಬೇರೆ ಎಳೆ ತೆರೆದಿದೀನಿ, ಅಲ್ಲಿ ಮುಂದುವರಿಸಿ. ಇಲ್ಲಿ ಅಕ್ಕನ ಪ್ರಶ್ನೆಗೆ ಬನ್ನಿ.

ಅರ್ಥಶಾಸ್ತ್ರ_ಮೇಷ್ಟ್ರು:
ಮೇಡಂ, ಬಿಸಿ ಹೆಚ್ಚಾದಾಗ ಲೈನಲ್ಲಿ ನೀವು ಏನು ಮಾಡ್ತೀರಿ? ಸುಮ್ನೆ ನೋಡ್ತಾ ಇರಲ್ಲ ಅಂತ ಗೊತ್ತು.

ಹೊಲಿಗೆ_ಲೈನ್:
ಯಾರ ಕೈ ನಿಧಾನ ಆಯ್ತೋ ಅವರನ್ನ ಸ್ವಲ್ಪ ಹೊತ್ತು ಸುಲಭದ ಆಪರೇಷನ್‌ಗೆ ಹಾಕ್ತೀನಿ, ಲೇಬಲ್ ಹಾಕೋದು, ಸೈಡ್ ಕ್ಲೋಸ್ ಮಾಡೋದು. ಕಾಲರ್, ಕಫ್‌ಗೆ ಆ ಹೊತ್ತಲ್ಲಿ ಚುರುಕಾಗಿರೋರು. ನೀರು ನಾನೇ ತಂದು ಕೊಡ್ತೀನಿ, ಎದ್ದು ಹೋದ್ರೆ ಬೈತಾರೆ ಅಂತ ಅವರು ಕುಡಿಯೋದೇ ಇಲ್ಲ.

ಅರ್ಥಶಾಸ್ತ್ರ_ಮೇಷ್ಟ್ರು:
ಇದನ್ನೇ ಎಲ್‌ಇಡಿ ಅಧ್ಯಯನ ಮಾಡಿದ ಆ ಮೂರು ಜನ ಇನ್ನೊಂದು ಅಧ್ಯಯನದಲ್ಲಿ ಕಂಡ್ರು, 2022ರಲ್ಲಿ ಬಂದಿದ್ದು, ಅದೂ ಬೆಂಗಳೂರಿನ ಗಾರ್ಮೆಂಟ್ಸಲ್ಲೇ. ಗಾಳೀಲಿ ಸೂಕ್ಷ್ಮ ಧೂಳು ಹೆಚ್ಚಾದ ಹೊತ್ತಲ್ಲಿ ಕೆಲಸಗಾರರ ವೇಗ ಇಳಿಯತ್ತೆ, ಎಲ್ಲರಿಗೂ ಒಂದೇ ಥರ ಅಲ್ಲ. ತನ್ನ ಜನರ ಮೇಲೆ ಗಮನ ಇಟ್ಟ ಸೂಪರ್‌ವೈಸರ್ ಇದ್ದ ಲೈನಲ್ಲಿ ಜನರನ್ನ ಟಾಸ್ಕಿಂದ ಟಾಸ್ಕಿಗೆ ಬದಲಾಯಿಸಿ ನಷ್ಟ ತಡ್ಕೋತಾರೆ. ನಿಮ್ಮ ಈ ಕೆಲಸನೂ ಯಾವ ಬೋರ್ಡಲ್ಲೂ ಇಲ್ಲ. ಮೀಟಿಂಗಲ್ಲಿ ಇದನ್ನೂ ಹೇಳಿ.

ಹೊಲಿಗೆ_ಲೈನ್ (ಮೂರೂವರೆ ವಾರದ ಮೇಲೆ):
ಬಂದೆ. 220 ರೂಪಾಯಿ ಥರ್ಮಾಮೀಟರ್ ತಂದು ಕಾಲರ್ ಹುಡುಗಿ ಮಿಷಿನ್ ಪಕ್ಕದ ಕಂಬಕ್ಕೆ ಕಟ್ಟಿದೆ. 18 ಕೆಲಸದ ದಿನ ಬರೆದೆ. ಬೆಳಿಗ್ಗೆ ಹತ್ತಕ್ಕೆ 29, 30. ಮಧ್ಯಾಹ್ನ ಮೂರಕ್ಕೆ 36, ಎರಡು ದಿನ 37. 33 ದಾಟಿದ ಗಂಟೆಗಳಲ್ಲಿ ಸರಾಸರಿ 50 ಪೀಸ್, 33ರ ಒಳಗೆ 59. ಮೋಡ ಮುಚ್ಚಿದ ಮೂರು ಮಧ್ಯಾಹ್ನ ಬಂತು, ಆ ಮೂರು ದಿನವೂ ಮೂರು ಗಂಟೆಗೆ 57, 58 ಬಂತು. ಅದನ್ನ ನೋಡಿ ಐಇ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ಹುಡುಗ ತಾನೇ ಕೂತು ಗ್ರಾಫ್ ಹಾಕಿಕೊಟ್ಟ, ಊಟದ ಮೇಲೆ ನಿದ್ದೆ ಬರೋದಕ್ಕೆ ಪೀಸ್ ಬೀಳೋದು ಅಂತ ಇಷ್ಟು ದಿನ ಅವನೇ ಹೇಳ್ತಿದ್ದಿದ್ದು.

ಮ್ಯಾನೇಜರ್ ಹತ್ತು ನಿಮಿಷ ಹಾಳೆ ನೋಡಿದ್ರು. ಎಲ್ಲಾ ಲೈನಿಗೂ ಆಗಲ್ಲ, ನಿಮ್ಮ ಒಂದು ಲೈನಿಗೆ ಎಲ್‌ಇಡಿ ಹಾಕಿ ನೋಡೋಣ, ಪಕ್ಕದ ಲೈನ್ ಹಳೇದರಲ್ಲೇ ಇರ್ಲಿ ಅಂದ್ರು.

ರಾತ್ರಿಬೆಳಕು:
ಅಕ್ಕ!! ತುಂಬಾ ಖುಷಿ ಆಯ್ತು. ಎರಡೂ ಲೈನಿಗೆ ಒಂದೇ ಸ್ಟೈಲ್ ಶರ್ಟ್ ಓಡ್ತಾ ಇರ್ಲಿ, ಇಲ್ಲಾಂದ್ರೆ ಹೋಲಿಸೋಕೆ ಬರಲ್ಲ. ಪಕ್ಕದ ಲೈನಿಗೂ ಒಂದು ಥರ್ಮಾಮೀಟರ್ ಕಟ್ಟಿ.

ಪೀಣ್ಯ_ವರ್ಕ್‌ಶಾಪ್:
ಮೋಡದ ದಿನದ್ದು ನೋಡಿ ನಾನು ಒಪ್ಪಿದೆ ಅಕ್ಕ. ಆದ್ರೆ ಅದು ಬಿಸಿಯಿಂದ ಬೀಳತ್ತೆ ಅಂತ ತೋರಿಸ್ತು, ಲೈಟಿಂದ ಎಷ್ಟು ಅಂತ ಈಗ ಗೊತ್ತಾಗತ್ತೆ. ಶೀಟಿಗೆ ಬಿಳೀ ಪೇಂಟೂ ಕೇಳಿ, ಬಿಡ್ಬೇಡಿ. ನನ್ ಶೆಡ್ಡಲ್ಲೂ ನಾಳೆ ಒಂದು ಥರ್ಮಾಮೀಟರ್ ಕಟ್ತೀನಿ.

ಹೊಲಿಗೆ_ಲೈನ್:
ಸ್ಟೈಲ್ ಒಂದೇ ಓಡ್ತಿದೆ, ಈ ಆರ್ಡರ್ ಇನ್ನೂ ಐದು ವಾರ ಇದೆ. ಲೈಟ್ ಶುಕ್ರವಾರ ಬರತ್ತೆ ಅಂದಿದಾರೆ. ಪಕ್ಕದ ಲೈನ್ ಸೂಪರ್‌ವೈಸರ್ ಥರ್ಮಾಮೀಟರ್‌ಗೆ ದುಡ್ಡು ಅವರೇ ಹಾಕ್ತೀನಿ ಅಂದ್ರು. ಕಾಲರ್ ಹುಡುಗಿ ಈಗ ಗಂಟೆ ಆಗೋಕ್ಕೆ ಮುಂಚೆನೇ ಕಂಬ ನೋಡಿ ‘ಮೇಡಂ, 35’ ಅಂತ ಕೂಗ್ತಾಳೆ, ನಾನು ಬರ್ಕೋತೀನಿ.